ಒಳ್ಳೆಯ ಎಲೆಗಾಗಿ ಕಾಯ್ದು ಕಾಯ್ದು ಸೋತೆ: ಮನೆಯ ಪೋಕರ್ ಟೂರ್ನಮೆಂಟ್‌ನಲ್ಲಿ ನಾನು ತಪ್ಪಿದ್ದು ಎಲ್ಲಿ?

ಮಾಳಮಡ್ಡಿಯ ರಮ್ಮಿಗ:

ಎಲ್ಲರಿಗೂ ನಮಸ್ಕಾರ. ಧಾರವಾಡದ ಮಾಳಮಡ್ಡಿಯಲ್ಲಿ ನೆರೆಹೊರೆಯ ಗೆಳೆಯರೊಡನೆ ಮೂವತ್ತು ವರ್ಷಗಳಿಂದ ರಮ್ಮಿ ಆಡುತ್ತ ಬಂದವನು ನಾನು. ಇಸ್ಪೀಟಿನ ಎಲೆ ನನ್ನ ಕೈಗೆ ಹೊಸದಲ್ಲ, ಪೋಕರ್ ಮಾತ್ರ ಹೊಸದು. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ತಂಗಿಯ ಮಗ ತಿಂಗಳಿಗೊಮ್ಮೆ ತನ್ನ ಗೆಳೆಯರನ್ನು ಮನೆಗೆ ಕರೆದು ಒಂದು ಸಣ್ಣ ಟೂರ್ನಮೆಂಟ್ ಆಡಿಸುತ್ತಾನೆ. ಕಳೆದ ಸಲ ಒಬ್ಬರು ಬರಲಾಗದೆ ಜಾಗ ಖಾಲಿ ಉಳಿದಿದ್ದರಿಂದ ನನ್ನನ್ನು ಕರೆಸಿಕೊಂಡ. ಎರಡು ಎಲೆ ಕೈಯಲ್ಲಿ, ಐದು ಎಲೆ ಮೇಜಿನ ಮೇಲೆ, ಏಳರಲ್ಲಿ ಐದನ್ನು ಆಯ್ದು ಕೈ ಕಟ್ಟುವ ಟೆಕ್ಸಾಸ್ ಹೋಲ್ಡೆಮ್ ಆಟವದು. ಯಾವ ಕೈ ಯಾವುದಕ್ಕಿಂತ ದೊಡ್ಡದು ಎಂಬುದನ್ನು ಬಸ್ಸಿನಲ್ಲಿ ಬರುವಾಗಲೇ ಬಾಯಿಪಾಠ ಮಾಡಿಕೊಂಡಿದ್ದೆ.

ಏರ್ಪಾಡು ಹೀಗಿತ್ತು. ಒಂಬತ್ತು ಜನ, ತಲೆಗೆ 200 ರೂಪಾಯಿ, ಪ್ರತಿಯೊಬ್ಬರಿಗೂ 5,000 ಅಂಕದ ಚಿಪ್‌ಗಳು, ಮತ್ತೆ ಕೊಳ್ಳುವ ಅವಕಾಶವಿಲ್ಲ. ಬ್ಲೈಂಡ್‌ಗಳು, ಅಂದರೆ ಪ್ರತಿ ಕೈಯಲ್ಲೂ ಇಬ್ಬರು ಸರದಿಯಂತೆ ಎಲೆ ನೋಡುವ ಮೊದಲೇ ಕಟ್ಟಬೇಕಾದ ಸಣ್ಣ ಮತ್ತು ದೊಡ್ಡ ಮೊತ್ತಗಳು, 25–50ರಿಂದ ಶುರುವಾಗಿ ಇಪ್ಪತ್ತು ನಿಮಿಷಕ್ಕೊಮ್ಮೆ 50–100, 75–150, 100–200, 150–300, 200–400, 300–600 ಎಂದು ಏರುತ್ತ ಹೋದವು. ರಮ್ಮಿಯಲ್ಲಿ ಕೆಟ್ಟ ಎಲೆ ಬಂದರೆ ಮೊದಲಲ್ಲೇ ಡ್ರಾಪ್ ಆಗಿ ನಷ್ಟ ಕಡಿಮೆ ಮಾಡಿಕೊಳ್ಳುವುದು ಜಾಣತನ ಎಂದು ಕಲಿತವನು ನಾನು. ಇಲ್ಲಿಯೂ ಅದನ್ನೇ ಮಾಡಿದೆ. ಎರಡು ಗಂಟೆಯಲ್ಲಿ ನಾನು ಆಡಿದ್ದು ನಾಲ್ಕೇ ಕೈ. ಒಂದರಲ್ಲಿ ಸಣ್ಣ ಪಾಟ್ (ಎಲ್ಲರೂ ಕಟ್ಟಿದ ಚಿಪ್‌ಗಳ ರಾಶಿ) ಗೆದ್ದೆ, ಉಳಿದವುಗಳಲ್ಲಿ ಫ್ಲಾಪ್ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ) ನೋಡಿ ಫೋಲ್ಡ್ ಮಾಡಿದೆ, ಅಂದರೆ ಎಲೆ ಬಿಟ್ಟೆ. ಪಕ್ಕದಲ್ಲಿ ಕುಳಿತ ಹುಡುಗನೊಬ್ಬ, "ಮಾಮಾ, ಎಲಿ ನೋಡೂದು, ಒಗಿಯೂದು, ಇಷ್ಟ ಮಾಡಾಕತ್ತೀರಲ್ರೀ" ಎಂದು ನಕ್ಕರೂ ನಾನು ತಾಳ್ಮೆ ಬಿಡಲಿಲ್ಲ.

ಐವರು ಉಳಿದಿದ್ದಾಗ, ಬ್ಲೈಂಡ್ 300–600 ಇದ್ದಾಗ, ನನ್ನ ಬಳಿ 2,900 ಮಾತ್ರ ಇತ್ತು. ಆಗ ಇಸ್ಪೀಟಿನ ಎಕ್ಕ, ಕಳಾವರದ ಎಕ್ಕ ಎರಡೂ ಒಟ್ಟಿಗೆ ಬಂದವು. ಇದ್ದುದನ್ನೆಲ್ಲ ಮುಂದೆ ತಳ್ಳಿ ಆಲ್ ಇನ್ ಎಂದೆ. ದೊಡ್ಡ ಬ್ಲೈಂಡ್‌ನಲ್ಲಿದ್ದ ಅದೇ ಹುಡುಗ ಆಟೀನಿನ ರಾಜ ಮತ್ತು ಏಳನ್ನು ಹಿಡಿದುಕೊಂಡು ಕಾಲ್ ಮಾಡಿದ, ಅಂದರೆ ನನ್ನಷ್ಟೇ ತಾನೂ ಕಟ್ಟಿದ! ಫ್ಲಾಪ್‌ನಲ್ಲಿ ಎರಡು ಆಟೀನು ಬಿದ್ದವು, ನಾಲ್ಕನೆಯ ಎಲೆಯಾದ ಟರ್ನ್‌ನಲ್ಲಿ ಏನೂ ಇಲ್ಲ, ಐದನೆಯದಾದ ರಿವರ್‌ನಲ್ಲಿ ಮೂರನೆಯ ಆಟೀನು ಬಿದ್ದು ಅವನಿಗೆ ಫ್ಲಶ್ (ಒಂದೇ ಬಣ್ಣದ ಐದು ಎಲೆ) ಆಯಿತು. ನಾನು ಎದ್ದು ಅಡುಗೆಮನೆಯ ಕಡೆ ಹೋಗಿ ಗಿರ್ಮಿಟ್ ತಿನ್ನುತ್ತ ನಿಂತೆ.

ಮುಂದಿನ ತಿಂಗಳಿಗೆ ಮತ್ತೆ ಕರೆ ಬಂದಿದೆ. ಎಕ್ಕದ ಜೋಡಿ ಸೋತದ್ದು ನನ್ನ ದುರದೃಷ್ಟವೋ, ಅಥವಾ ಅದಕ್ಕೂ ಮೊದಲೇ ಎಲ್ಲೋ ನಾನು ತಪ್ಪಿದ್ದೇನೆಯೋ ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉಣಕಲ್ ಕೆರೆದಂಡೆ:

ಸರ್, ನಿಮ್ಮ ಎಕ್ಕದ ಜೋಡಿಯನ್ನು ಮೊದಲು ಬದಿಗಿಡೋಣ. ಅದರ ಬಗ್ಗೆ ಮರುಗುವುದರಲ್ಲಿ ಅರ್ಥವಿಲ್ಲ. ರಾಜ–ಏಳರ ಎದುರು ಅದು ಐದರಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚೇ ಗೆಲ್ಲುತ್ತದೆ, ಉಳಿದ ಸಲ ಸೋಲುತ್ತದೆ. ಟರ್ನ್ ಬಿದ್ದ ಮೇಲೂ ಕಾಣದೆ ಉಳಿದ 44 ಎಲೆಗಳಲ್ಲಿ 9 ಆಟೀನುಗಳಿದ್ದವು, ಅಂದರೆ ಹೆಚ್ಚುಕಡಿಮೆ ಐದಕ್ಕೆ ಒಂದರ ಅವಕಾಶ ಅವನಿಗಿತ್ತು. ಆ ಒಂದು ಅಂದು ಬಂತು, ಅಷ್ಟೇ.

ನೀವು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಆ ಕೈಯನ್ನು ನೀವು ಗೆದ್ದಿದ್ದರೆ ಏನಾಗುತ್ತಿತ್ತು? ನಿಮ್ಮ 2,900, ಅವನ 2,900, ಸಣ್ಣ ಬ್ಲೈಂಡ್‌ನವರು ಬಿಟ್ಟುಹೋದ 300 ಸೇರಿ 6,100 ಆಗುತ್ತಿತ್ತು. ಮೇಜಿನ ಮೇಲೆ ಒಟ್ಟು 45,000 ಅಂಕವಿದ್ದು ಐವರು ಉಳಿದಿದ್ದರೆಂದರೆ ಸರಾಸರಿ ತಲೆಗೆ 9,000. ಇಡೀ ಆಟದ ಅತ್ಯುತ್ತಮ ಎಲೆ ಬಂದು, ಅದು ಗೆದ್ದು, ಅದರ ಮೇಲೂ ನೀವು ಸರಾಸರಿಗಿಂತ ಮೂರನೇ ಒಂದರಷ್ಟು ಕೆಳಗೇ ಇರುತ್ತಿದ್ದಿರಿ. ನೀವು ಸೋತದ್ದು ರಿವರ್‌ನಲ್ಲಲ್ಲ, ಅದಕ್ಕೂ ಮುಂಚಿನ ಎರಡು ಗಂಟೆಯಲ್ಲಿ.

ಲೆಕ್ಕ ಹಾಕಿ ನೋಡಿ. ಕೈಯಿಂದಲೇ ಎಲೆ ಕಲೆಸಿ ಹಂಚುವ ಮನೆಯಾಟದಲ್ಲಿ ಗಂಟೆಗೆ ಇಪ್ಪತ್ತೈದು ಕೈ ನಡೆದರೆ ಹೆಚ್ಚು. ಇಪ್ಪತ್ತು ನಿಮಿಷಕ್ಕೆ ಎಂಟು ಕೈ, ಅಂದರೆ ಒಂಬತ್ತು ಜನರ ಮೇಜಿನಲ್ಲಿ ಹೆಚ್ಚುಕಡಿಮೆ ಒಂದು ಸುತ್ತು. ಪ್ರತಿ ಸುತ್ತಿನಲ್ಲಿ ಎರಡೂ ಬ್ಲೈಂಡ್‌ಗಳನ್ನು ನೀವು ಒಮ್ಮೆ ಕಟ್ಟಲೇಬೇಕು. ಮೊದಲ ಹಂತದಲ್ಲಿ 75, ಆಮೇಲೆ 150, 225, 300, 450, 600. ಎರಡು ಗಂಟೆಯಲ್ಲಿ ಒಂದೂ ಎಲೆ ಆಡದೆ ಕುಳಿತವನಿಗೂ 1,800 ಖರ್ಚು. ಏಳನೆಯ ಹಂತದಲ್ಲಿ ಒಂದೇ ಸುತ್ತಿಗೆ 900 ಹೋಗುತ್ತದೆ. ರಮ್ಮಿಯಲ್ಲಿ ಡ್ರಾಪ್‌ಗೆ ತೆರುವ ಬೆಲೆ ಇಡೀ ರಾತ್ರಿ ಒಂದೇ ಇರುತ್ತದೆ. ಇಲ್ಲಿ ಕಾಯುವುದರ ಬಾಡಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಏರುತ್ತದೆ. ಎರಡೂ ಆಟಗಳ ನಡುವಿನ ಈ ವ್ಯತ್ಯಾಸವನ್ನು ರಮ್ಮಿಯಿಂದ ಬಂದ ಬಹುತೇಕರು ಗಮನಿಸುವುದೇ ಇಲ್ಲ.

ಇನ್ನು ನೀವು ಕಾಯುತ್ತಿದ್ದ ಆ ಒಳ್ಳೆಯ ಎಲೆ ಎಷ್ಟು ಸಲ ಬರುತ್ತದೆ? 52 ಎಲೆಗಳಿಂದ ಎರಡನ್ನು ಆರಿಸುವ ಬಗೆಗಳು 1,326. ಅವುಗಳಲ್ಲಿ ಎಕ್ಕದ ಜೋಡಿ 6, ಅಂದರೆ 221 ಕೈಗೆ ಒಂದು ಸಲ. ಎಕ್ಕ, ರಾಜ, ರಾಣಿ ಈ ಮೂರರ ಜೋಡಿಗಳ ಜೊತೆಗೆ ಎಕ್ಕ–ರಾಜವನ್ನೂ ಸೇರಿಸಿದರೆ 34 ಬಗೆಗಳಾಗುತ್ತವೆ, ಮೂವತ್ತೊಂಬತ್ತು ಕೈಗೆ ಒಂದು. ಮೂರು ಗಂಟೆಯ ಆಟದಲ್ಲಿ ಎಪ್ಪತ್ತೈದು ಕೈ ಎಂದುಕೊಂಡರೂ ಇಂಥವು ಎರಡು ಬಂದರೆ ಪುಣ್ಯ. ಆ ಎರಡರಲ್ಲಿ ಒಂದು ಸೋತರೆ ಮನೆಗೆ ಹೋಗಬೇಕಾದ ಸ್ಥಿತಿಯಲ್ಲಿ ನಿಮ್ಮನ್ನು ನೀವೇ ಇಟ್ಟುಕೊಂಡಿದ್ದಿರಿ.

ಆದ್ದರಿಂದ ನಿಮ್ಮ ಎದುರಿಗಿರುವ ಚಿಪ್‌ಗಳನ್ನು ಅಂಕದಲ್ಲಿ ಎಣಿಸಬೇಡಿ, ದೊಡ್ಡ ಬ್ಲೈಂಡ್‌ಗೆ ಭಾಗಿಸಿ ಎಣಿಸಿ. ಆರಂಭದಲ್ಲಿ ನಿಮ್ಮ ಬಳಿ 100 ಬ್ಲೈಂಡ್ ಇತ್ತು, ಆಗ ತಾಳ್ಮೆ ಸರಿಯೇ. 100–200 ಬಂದಾಗ ಅದು ಇಪ್ಪತ್ತರ ಆಸುಪಾಸಿಗೆ ಇಳಿದಿರುತ್ತದೆ; ಆಗ, ನಿಮಗಿಂತ ಮೊದಲು ಮಾತಾಡಬೇಕಾದವರೆಲ್ಲ ಫೋಲ್ಡ್ ಮಾಡಿ ನೀವು ಬಟನ್‌ನಲ್ಲೋ (ಎಲೆ ಹಂಚುವವನ ಜಾಗ) ಅದರ ಹಿಂದಿನ ಜಾಗದಲ್ಲೋ ಇದ್ದರೆ, ಸಾಧಾರಣ ಎಲೆಯಲ್ಲೂ ರೇಜ್ ಮಾಡಿ (ಕಟ್ಟುವ ಮೊತ್ತ ಏರಿಸಿ) ಬ್ಲೈಂಡ್‌ಗಳನ್ನು ಎತ್ತಿಕೊಳ್ಳಬೇಕು. ಹತ್ತಕ್ಕೆ ಇಳಿದಾಗ ಮಧ್ಯದ ದಾರಿಯಿಲ್ಲ, ಪೂರ್ತಿ ತಳ್ಳಬೇಕು ಇಲ್ಲವೇ ಬಿಡಬೇಕು. ಆಗ ಯಾವುದೇ ಜೋಡಿ, ಎಕ್ಕವಿರುವ ಯಾವುದೇ ಕೈ, ರಾಜ–ರಾಣಿ, ರಾಜ–ಗುಲಾಮ ಎಲ್ಲವೂ ತಳ್ಳುವ ಎಲೆಗಳೇ. ನೀವು ಐದು ಬ್ಲೈಂಡ್‌ಗೂ ಕೆಳಗೆ ಬಂದ ಮೇಲೆ ತಳ್ಳಿದಿರಿ. ಅಷ್ಟು ಕಡಿಮೆ ಇದ್ದಾಗ ಎದುರಿನವರಿಗೆ ಹೆದರಿಕೆಯೇ ಇರುವುದಿಲ್ಲ.

ಆ ಹುಡುಗನ ಕಾಲ್ ಕೂಡ ನೀವು ತಿಳಿದಂತೆ ಹುಚ್ಚುತನವಲ್ಲ. ಪಾಟ್‌ನಲ್ಲಿ ನಿಮ್ಮ 2,900, ಅವನದೇ 600, ಇನ್ನೊಬ್ಬರ 300 ಸೇರಿ 3,800 ಇತ್ತು. ಅವನು ಇನ್ನು ಹಾಕಬೇಕಾದದ್ದು 2,300. ನೂರಕ್ಕೆ ಮೂವತ್ತೆಂಟು ಸಲ ಗೆದ್ದರೂ ಅವನಿಗೆ ನಷ್ಟವಿಲ್ಲ. ಅಷ್ಟು ಕಡಿಮೆ ಚಿಪ್ ಇರುವವರು ಸಿಕ್ಕ ಎಲೆಯನ್ನೆಲ್ಲ ತಳ್ಳುತ್ತಾರೆ ಎಂದು ಅವನು ಎಣಿಸಿದ್ದರೆ ಅವನ ಲೆಕ್ಕ ಸರಿ. ಎರಡು ಗಂಟೆ ಬರೀ ಎಲೆ ಒಗೆದ ಮನುಷ್ಯ ಈಗ ತಳ್ಳುತ್ತಿದ್ದಾನೆಂದರೆ ಏನೋ ಇದೆ ಎಂದು ಯೋಚಿಸದೇ ಹೋದದ್ದು ಮಾತ್ರ ಅವನ ತಪ್ಪು.

ಏಲಕ್ಕಿ ಊರಿನವಳು:

ಉಣಕಲ್‌ನವರು ಹೇಳಿದ ಲೆಕ್ಕದಲ್ಲಿ ದೋಷವಿಲ್ಲ, ಆದರೆ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಹಾವೇರಿಯಲ್ಲಿ ದೀಪಾವಳಿಗೆ ಸೇರಿದಾಗಲೆಲ್ಲ ನಾವು ಅಕ್ಕತಂಗಿಯರು, ಕಾಕಾನ ಮಕ್ಕಳು ಸೇರಿ ಆರೇಳು ವರ್ಷಗಳಿಂದ ಈ ಆಟ ಆಡುತ್ತಿದ್ದೇವೆ. ನಮ್ಮ ಅನುಭವದಲ್ಲಿ ಮನೆಯ ಮೇಜಿನ ಮೇಲೆ ಬ್ಲೈಂಡ್ ಎತ್ತಿಕೊಳ್ಳುವ ಉಪಾಯ ಪುಸ್ತಕದಲ್ಲಿರುವಷ್ಟು ಸಲೀಸಾಗಿ ನಡೆಯುವುದಿಲ್ಲ, ಏಕೆಂದರೆ ಯಾರೂ ಫೋಲ್ಡ್ ಮಾಡುವುದೇ ಇಲ್ಲ. ತಿಂಗಳಿಗೊಮ್ಮೆ ಆಡಲು ಬಂದವರು ಎಲೆ ಒಗೆದು ಸುಮ್ಮನೆ ಕೂಡಲು ಬಂದಿರುವುದಿಲ್ಲ. ಏನಾದರೂ ಬಿದ್ದೀತು ಎಂದು ನೋಡಲು ಬಂದಿರುತ್ತಾರೆ.

ರಾಜ–ಏಳು ಎಂದಾಗ ನನಗೆ ನೆನಪಾದದ್ದು 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್. ಲಾಸ್ ವೇಗಸ್‌ನಲ್ಲಿ 839 ಜನ ತಲಾ 10,000 ಡಾಲರ್‌ನ ಆಟಕ್ಕೆ ಕುಳಿತಾಗ ಟೆನೆಸೀಯ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ನೌಕರ, ಅಂತರಜಾಲದ ಅಗ್ಗದ ಅರ್ಹತಾ ಆಟವೊಂದನ್ನು ಗೆದ್ದು ಬಂದವನು, ಕೊನೆಗೆ 25 ಲಕ್ಷ ಡಾಲರ್ ಗೆದ್ದ. ಕೊನೆಯ ಇಬ್ಬರು ಉಳಿದಿದ್ದಾಗ ಅವನ ಕೈಯಲ್ಲಿದ್ದದ್ದೂ ರಾಜ ಮತ್ತು ಏಳೇ. ಫ್ಲಶ್ ಆಗಲಿಲ್ಲ, ಜೋಡಿಯೂ ಆಗಲಿಲ್ಲ, ಆದರೂ ಅವನು ರಿವರ್‌ನಲ್ಲಿ ಇದ್ದುದನ್ನೆಲ್ಲ ತಳ್ಳಿದ. ಒಂಬತ್ತರ ಜೋಡಿ ಹಿಡಿದಿದ್ದ ಅನುಭವಿ ಆಟಗಾರ ಸ್ಯಾಮ್ ಫರ್ಹಾ ಬಹಳ ಹೊತ್ತು ಯೋಚಿಸಿ ಎಲೆ ಬಿಟ್ಟ. ಆ ದೃಶ್ಯ ನೋಡಿ ಬ್ಲಫ್ (ಕೆಟ್ಟ ಎಲೆ ಹಿಡಿದು ಎದುರಿನವರನ್ನು ಬೆದರಿಸುವುದು) ಕಲಿತವರು ಬಹಳ ಮಂದಿ. ಅವರು ಮರೆಯುವುದೇನೆಂದರೆ, ಎದುರಿಗಿದ್ದ ಫರ್ಹಾನಿಗೆ ಜೋಡಿಯನ್ನು ಬಿಟ್ಟುಕೊಡುವ ಶಕ್ತಿಯಿತ್ತು. ನಿಮ್ಮ ವಿದ್ಯಾನಗರದ ಹುಡುಗರು ಮೂರರ ಜೋಡಿಯನ್ನೂ ಬಿಡುವವರಲ್ಲ ಎಂದು ನನ್ನ ಊಹೆ.

ಅದಕ್ಕೇ ನನ್ನ ಸಲಹೆ ಇದು. ಮೊದಲ ಒಂದು ಗಂಟೆ, ಬ್ಲೈಂಡ್ ಸಣ್ಣದಿರುವಾಗ, ಸಣ್ಣ ಜೋಡಿಗಳನ್ನು ಹಿಡಿದು ಕಡಿಮೆ ಬೆಲೆಗೆ ಫ್ಲಾಪ್ ನೋಡಿ. ಎಂಟೊಂಬತ್ತು ಸಲಕ್ಕೊಮ್ಮೆ ಫ್ಲಾಪ್‌ನಲ್ಲಿ ನಿಮ್ಮ ಮೂರನೆಯ ಎಲೆ ಬೀಳುತ್ತದೆ. ಅದು ಬಿದ್ದಾಗ ನಾಚಿಕೆಯಿಲ್ಲದೆ ದೊಡ್ಡದಾಗಿ ಬೆಟ್ ಮಾಡಿ, ಅವರು ಕಾಲ್ ಮಾಡುತ್ತಲೇ ಹೋಗುತ್ತಾರೆ. ಬೀಳದಿದ್ದರೆ ಬಿಡಿ. ಫೋಲ್ಡ್ ಮಾಡದವರ ಎದುರು ಬ್ಲಫ್ ಮಾಡುವುದು ಗೋಡೆಗೆ ತಲೆ ಹಚ್ಚಿದ ಹಾಗೆ, ಆದರೆ ಅಂಥವರಿಂದ ಒಳ್ಳೆಯ ಕೈಗೆ ಸಿಗುವಷ್ಟು ಆದಾಯ ಬೇರೆಲ್ಲೂ ಸಿಗದು. ನೀವು ಬರೆದ ನಾಲ್ಕು ಕೈಗಳಲ್ಲಿ ಗೆದ್ದ ಪಾಟ್ ಸಣ್ಣದಾಗಿತ್ತು ಎಂದಿರಿ. ಅದು ಏಕೆ ಸಣ್ಣದಾಗಿತ್ತು ಎಂಬುದೇ ನನಗೆ ಎಕ್ಕದ ಜೋಡಿಗಿಂತ ಮುಖ್ಯವಾಗಿ ಕಾಣುತ್ತದೆ.

ಮಾಳಮಡ್ಡಿಯ ರಮ್ಮಿಗ:

ಇಬ್ಬರಿಗೂ ಧನ್ಯವಾದಗಳು. ಏಲಕ್ಕಿ ಊರಿನ ತಂಗಿಯವರೇ, ನೀವು ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ಆ ಪಾಟ್‌ನಲ್ಲಿ ನನ್ನ ಬಳಿ ರಾಣಿ ಮತ್ತು ಹತ್ತರ ಎರಡು ಜೋಡಿಗಳಿದ್ದವು, ಆದರೂ ಯಾರ ಬಳಿಯಾದರೂ ಸ್ಟ್ರೇಟ್ (ಸಾಲಾಗಿ ಬರುವ ಐದು ಎಲೆ) ಇದ್ದೀತು ಎಂಬ ಅಂಜಿಕೆಯಿಂದ ನಾನು ಬರೀ ಚೆಕ್ ಮಾಡುತ್ತ, ಅಂದರೆ ಏನೂ ಕಟ್ಟದೆ ಸರದಿ ದಾಟಿಸುತ್ತ ಹೋದೆ. ಮೂವರು ಎದುರಾಳಿಗಳು ಕೊನೆಯವರೆಗೂ ಜೊತೆಗಿದ್ದರು, ನಾನು ಬೆಟ್ ಮಾಡಿದ್ದರೆ ಕಾಲ್ ಮಾಡುತ್ತಲೇ ಇದ್ದರು ಎಂದು ಈಗ ಹೊಳೆಯುತ್ತಿದೆ.

ಇನ್ನೆರಡು ಸಂಗತಿಗಳನ್ನು ಕೇಳುವುದು ಉಳಿದಿದೆ. ಅಂದು ಮೂವರು ಒಟ್ಟಿಗೆ ಆಲ್ ಇನ್ ಆದಾಗ ಯಾರಿಗೆ ಎಷ್ಟು ಸಲ್ಲಬೇಕೆಂದು ಹತ್ತು ನಿಮಿಷ ಗದ್ದಲವಾಯಿತು, ಅದರ ನಿಯಮವೇನು? ಮತ್ತೆ, ನನ್ನ ತಂಗಿ ಈ 200 ರೂಪಾಯಿಯ ವಿಷಯದಲ್ಲಿ ಹೆದರುತ್ತಾಳೆ, "ಪೊಲೀಸರು ಬಂದರೆ ಏನು ಗತಿ" ಎನ್ನುತ್ತಾಳೆ. ಒಟ್ಟಾದ 1,800ರಲ್ಲಿ 600 ತಿಂಡಿಗೆಂದು ಮನೆಯವರು ಇಟ್ಟುಕೊಂಡು ಉಳಿದುದನ್ನು ಮೊದಲಿನ ಇಬ್ಬರಿಗೆ ಹಂಚುತ್ತಾರೆ. ಅವಳ ಹೆದರಿಕೆಯಲ್ಲಿ ಹುರುಳಿದೆಯೆ?

ಬೆಟಗೇರಿ ಮಗ್ಗ:

ಗದಗ-ಬೆಟಗೇರಿಯಲ್ಲಿ ನಮ್ಮ ಮನೆಯಲ್ಲೇ ಇಂಥ ಆಟ ನಡೆಯುವುದರಿಂದ ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಯಾವ ಆಟಗಾರನೂ ತಾನು ಹಾಕಿದ್ದಕ್ಕಿಂತ ಹೆಚ್ಚಿನದನ್ನು ಒಬ್ಬೊಬ್ಬರಿಂದ ಗೆಲ್ಲಲಾರ. ಇದೊಂದನ್ನು ಹಿಡಿದುಕೊಂಡರೆ ಗದ್ದಲವಿಲ್ಲ. ಒಬ್ಬನ ಬಳಿ 1,200, ಇನ್ನೊಬ್ಬನ ಬಳಿ 3,000, ಮೂರನೆಯವನ ಬಳಿ 5,000 ಇದ್ದು ಮೂವರೂ ತಳ್ಳಿದರು ಎಂದುಕೊಳ್ಳಿ. ಮೊದಲು ಮೂವರಿಂದಲೂ 1,200 ತೆಗೆದು 3,600ರ ಮುಖ್ಯ ಪಾಟ್ ಕಟ್ಟಿರಿ, ಇದು ಮೂವರಿಗೂ ಸೇರಿದ್ದು. ಉಳಿದ ಇಬ್ಬರಿಂದ ಇನ್ನೂ 1,800ರಂತೆ ತೆಗೆದು 3,600ರ ಬದಿಯ ಪಾಟ್ ಮಾಡಿರಿ, ಇದಕ್ಕೆ ಆ ಇಬ್ಬರೇ ಹಕ್ಕುದಾರರು. ಮೂರನೆಯವನ ಬಳಿ ಉಳಿದ 2,000ಕ್ಕೆ ಎದುರಾಳಿಯೇ ಇಲ್ಲದ್ದರಿಂದ ಅದು ಅವನಿಗೇ ವಾಪಸು. ಆಮೇಲೆ ಬದಿಯ ಪಾಟ್ ಯಾರದೆಂದು ಮೊದಲು ತೀರ್ಮಾನಿಸಿ, ಕೊನೆಗೆ ಮುಖ್ಯ ಪಾಟ್‌ಗೆ ಬರಬೇಕು. ಎಲೆ ತೋರಿಸುವ ಮುಂಚೆ ಚಿಪ್‌ಗಳನ್ನು ಬೇರೆಬೇರೆ ರಾಶಿ ಮಾಡಿಟ್ಟರೆ ಅರ್ಧ ಜಗಳ ಅಲ್ಲಿಗೇ ತೀರುತ್ತದೆ.

ನೀವು ಬರೆದ ಏರ್ಪಾಡು ಒಟ್ಟಿನಲ್ಲಿ ಚೆನ್ನಾಗಿದೆ. ಉಳಿದಿರುವ ಚಿಪ್‌ಗಳೆಲ್ಲ ಸೇರಿ ದೊಡ್ಡ ಬ್ಲೈಂಡ್‌ನ ಇಪ್ಪತ್ತು ಪಟ್ಟು ಆಗುವ ಹೊತ್ತಿಗೆ ಇಂಥ ಆಟ ಮುಗಿಯುತ್ತದೆ ಎಂಬುದು ನಾನು ಬಳಸುವ ಅಂದಾಜು. ನಿಮ್ಮಲ್ಲಿ 45,000 ಇರುವುದರಿಂದ ಬ್ಲೈಂಡ್ 1,000–2,000 ಆಗುವಾಗ, ಅಂದರೆ 400–800 ಮತ್ತು 600–1,200 ದಾಟಿ ಹತ್ತನೆಯ ಹಂತ ಬರುವ ಮೂರು ಗಂಟೆಯ ಸುಮಾರಿಗೆ ಇಬ್ಬರೇ ಉಳಿದಿರುತ್ತಾರೆ. ಬ್ಲೈಂಡನ್ನು ಇನ್ನೂ ನಿಧಾನವಾಗಿ ಏರಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೊದಲು ಸೋತವನು ನಡುರಾತ್ರಿಯವರೆಗೆ ಗೋಡೆ ನೋಡುತ್ತ ಕೂಡಬೇಕಾಗುತ್ತದೆ, ಮುಂದಿನ ತಿಂಗಳು ಅವನು ಬರುವುದಿಲ್ಲ. ನಮ್ಮ ಮನೆಯಲ್ಲಿ ಹಾಗೆ ಇಬ್ಬರನ್ನು ಕಳೆದುಕೊಂಡೆವು.

ಚಿಪ್ ಹಂಚುವಾಗ ತಲೆಗೆ 25ರ ಎಂಟು, 100ರ ಎಂಟು, 500ರ ನಾಲ್ಕು, 1,000ದ ಎರಡು ಕೊಟ್ಟರೆ ಸರಿಯಾಗಿ 5,000 ಆಗುತ್ತದೆ, ಒಂಬತ್ತು ಜನರಿಗೆ 198 ಚಿಪ್ ಸಾಕು. 150–300ರ ಹಂತ ಮುಗಿದ ಮೇಲೆ 25ರ ಚಿಪ್‌ಗಳಿಗೆ ಕೆಲಸವಿಲ್ಲ, ಅವನ್ನು ದೊಡ್ಡದಕ್ಕೆ ಬದಲಿಸಿ ಮೇಜಿನಿಂದ ತೆಗೆಯಿರಿ. ಬೇರೆಬೇರೆ ಬಣ್ಣದ ಬೆನ್ನಿರುವ ಎರಡು ಕಟ್ಟು ಎಲೆ ಇಟ್ಟುಕೊಂಡು ಒಂದನ್ನು ಹಂಚುವಾಗ ಇನ್ನೊಂದನ್ನು ಕಲೆಸುತ್ತಿದ್ದರೆ ಗಂಟೆಗೆ ನಾಲ್ಕೈದು ಕೈ ಹೆಚ್ಚು ಆಡಬಹುದು. ಮೇಜಿನ ಮೇಲೆ ಮಿರ್ಚಿ ಭಜಿಯ ತಟ್ಟೆ ಇಡಬಾರದು. ಇದು ಸಣ್ಣ ಮಾತೆಂದು ತೋರಬಹುದು, ಆದರೆ ಎಣ್ಣೆಯ ಬೆರಳಿನ ಗುರುತು ಬಿದ್ದ ಎಕ್ಕವನ್ನು ಬೆನ್ನ ಕಡೆಯಿಂದಲೇ ಗುರುತಿಸುವ ಮಹಾನುಭಾವರು ಎಲ್ಲ ಊರಿನಲ್ಲೂ ಇರುತ್ತಾರೆ.

ಆಟಗಾರರಾಗಿ ನೀವು ಪಾಲಿಸಬೇಕಾದದ್ದೂ ಇದೆ. ನಿಮ್ಮ ಸರದಿಗೆ ಮುಂಚೆ ಎಲೆ ಒಗೆಯಬೇಡಿ, ರಮ್ಮಿಯವರಿಗೆ ಆ ಅವಸರ ಹೆಚ್ಚು. ನಿಮಗಿಂತ ಮೊದಲ ಸರದಿಯವರಿಗೆ ಇನ್ನೂ ಮಾತಾಡುವುದಿರುವಾಗ ನೀವು ಬಿಟ್ಟದ್ದು ಅವರಿಗೆ ಪುಕ್ಕಟೆ ಸುಳಿವಾಗುತ್ತದೆ. ರೇಜ್ ಮಾಡುವುದಾದರೆ ಮೊತ್ತವನ್ನು ಬಾಯಲ್ಲಿ ಹೇಳಿ ಆಮೇಲೆ ಚಿಪ್ ಇಡಿ, ಏಕೆಂದರೆ ಹೇಳಿದ ಮಾತೇ ಕಟ್ಟುತ್ತದೆ. ಎಲೆ ಬಿಟ್ಟ ಮೇಲೆ, ಕೈ ಮುಗಿಯುವವರೆಗೆ, ನೀವು ಬಿಟ್ಟದ್ದೇನೆಂದು ಯಾರಿಗೂ ಹೇಳಬೇಡಿ.

ಕೋರ್ಟ್ ಸರ್ಕಲ್:

ಎರಡನೆಯ ಪ್ರಶ್ನೆಗೆ ವಕೀಲಿ ವೃತ್ತಿಯ ನನ್ನ ಅಭಿಪ್ರಾಯ ಹೀಗಿದೆ. ನಿಮ್ಮ ತಂಗಿಯವರ ಹೆದರಿಕೆ ಪೂರ್ತಿ ಆಧಾರವಿಲ್ಲದ್ದಲ್ಲ, ಆದರೆ ಅವರು ಹೆದರಬೇಕಾದದ್ದು 200ಕ್ಕಲ್ಲ, ಆ 600ಕ್ಕೆ.

1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಜೂಜಿನ ಮನೆ ಎಂದರೇನು ಎಂಬುದರ ವ್ಯಾಖ್ಯೆಯಿದೆ. ಮನೆಯ ಒಡೆಯನಿಗೋ ಅದನ್ನು ನಡೆಸುವವನಿಗೋ ಆಟದಿಂದ ಲಾಭ ಬರುತ್ತಿದೆಯೇ, ಜಾಗಕ್ಕೋ ಎಲೆಗೋ ಅವನು ಶುಲ್ಕ ಪಡೆಯುತ್ತಿದ್ದಾನೆಯೇ ಎಂಬುದು ಅದರ ಮುಖ್ಯ ತಿರುಳು. 1967ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟ ಎಂದು ಹೇಳಿತು. ಬಿದ್ದ ಎಲೆಗಳನ್ನು ನೆನಪಿಡುವುದು, ಯಾವುದನ್ನು ಇಟ್ಟುಕೊಂಡು ಯಾವುದನ್ನು ಒಗೆಯಬೇಕೆಂದು ನಿರ್ಧರಿಸುವುದು ಕೌಶಲವೇ ಎಂಬುದು ಅದರ ಕಾರಣ. ಮೂರೆಲೆಯ ಆಟವನ್ನು ಮಾತ್ರ ಅದೇ ತೀರ್ಪು ಅದೃಷ್ಟದ ಆಟವೆಂದು ಬೇರೆ ಇಟ್ಟಿತು. ಜೊತೆಗೆ, ರಮ್ಮಿಯಂಥ ಆಟದಲ್ಲೂ ನಡೆಸುವವರು ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧವಾಗಬಹುದು ಎಂದೂ ಹೇಳಿತು. ನಿಮ್ಮ ಮೂವತ್ತು ವರ್ಷದ ರಮ್ಮಿಗೆ ಆ ತೀರ್ಪಿನ ನೆರಳಿದೆ, ಪೋಕರ್‌ಗೆ ಅಷ್ಟು ನೇರವಾದ ನೆರಳಿಲ್ಲ. 2017ರಲ್ಲಿ ಗುಜರಾತ್ ಹೈಕೋರ್ಟ್ ಪೋಕರ್ ಅನ್ನು ಅದೃಷ್ಟದ ಆಟವೆಂದು ಪರಿಗಣಿಸಿತು. ನಮ್ಮಲ್ಲಿ 2021ರ ತಿದ್ದುಪಡಿ ಕೌಶಲದ ಆಟಕ್ಕೆ ಹಣ ಕಟ್ಟುವುದನ್ನೂ ನಿಷೇಧದೊಳಗೆ ತಂದಿತ್ತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಹೀಗೆ ಅತ್ತಿತ್ತ ತೂಗುತ್ತಿರುವ ವಿಷಯದಲ್ಲಿ ಒಂದು ಸಂಜೆಯ ಮನರಂಜನೆಗಾಗಿ ಪರೀಕ್ಷಾರ್ಥಿಯಾಗಿ ನಿಲ್ಲುವುದು ಜಾಣತನವಲ್ಲ.

ದೀಪಾವಳಿ ಬಂತೆಂದರೆ ಅಂದರ್–ಬಾಹರ್ ಆಡುತ್ತಿದ್ದವರ ಬಂಧನದ ಸುದ್ದಿ ನಮ್ಮ ಜಿಲ್ಲೆಯ ಪುಟಗಳಲ್ಲಿ ಬರುತ್ತದೆ. ಒಂಬತ್ತು ಜನ ಎಲೆ ಹಿಡಿದು ಕುಳಿತ ಕೋಣೆಯ ಬಾಗಿಲು ತಟ್ಟಿದವರಿಗೆ ಹೋಲ್ಡೆಮ್‌ಗೂ ಅಂದರ್–ಬಾಹರ್‌ಗೂ ಇರುವ ವ್ಯತ್ಯಾಸವನ್ನು ವಿವರಿಸಲು ನಿಮಗೆ ಅಲ್ಲಿ ಅವಕಾಶ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ.

ಆದ್ದರಿಂದ ಹಣವನ್ನೇ ಬಿಟ್ಟುಬಿಡಿ. ತಿಂಡಿಯ ಖರ್ಚನ್ನು ಆಟಕ್ಕೆ ಸಂಬಂಧವಿಲ್ಲದಂತೆ ಎಲ್ಲರೂ ಸಮನಾಗಿ ಹಂಚಿಕೊಳ್ಳಿ, ಅಥವಾ ಸರದಿಯಂತೆ ಒಬ್ಬೊಬ್ಬರು ತರಲಿ. ಗೆದ್ದವರಿಗೆ ಒಂದು ಡಬ್ಬಿ ಪೇಢಾ ಸಾಕು. "ಆ್ಯಪ್‌ನಲ್ಲಿ ಖಾಸಗಿ ಮೇಜು ತೆರೆದು ಹಣ ಕಟ್ಟಿ ಆಡೋಣ" ಎಂದು ಯಾರಾದರೂ ಸೂಚಿಸಿದರೆ ಅಂತೂ ಬೇಡವೇ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ, ನಿಷೇಧಿಸುತ್ತದೆ.

ಉಣಕಲ್ ಕೆರೆದಂಡೆ:

ಹಣ ಬೇಡವೆಂಬ ಮಾತಿಗೆ ನನ್ನದೂ ಒಪ್ಪಿಗೆಯಿದೆ. ಹಾವೇರಿಯವರ ಆಕ್ಷೇಪಕ್ಕೂ ಅರ್ಧ ಒಪ್ಪುತ್ತೇನೆ. ಯಾರೂ ಫೋಲ್ಡ್ ಮಾಡದ ಮೇಜಿನಲ್ಲಿ ಇಪ್ಪತ್ತು ಬ್ಲೈಂಡ್ ಇರುವಾಗ ಬರಿಗೈಯಲ್ಲಿ ರೇಜ್ ಮಾಡುವುದು ತಪ್ಪೇ. ಆದರೆ ಹತ್ತು ಬ್ಲೈಂಡ್‌ಗೆ ಇಳಿದ ಮೇಲೆ ತಳ್ಳುವ ಮಾತನ್ನು ನಾನು ಹಿಂದೆಗೆದುಕೊಳ್ಳುವುದಿಲ್ಲ. ಅವರು ಕೆಟ್ಟ ಎಲೆಯಲ್ಲಿ ಕಾಲ್ ಮಾಡುವವರಾದರೆ ನಿಮ್ಮ ಸಾಧಾರಣ ಎಕ್ಕ–ಎಂಟೇ ಅವರ ಮುಂದೆ ದೊಡ್ಡದಾಗಿರುತ್ತದೆ. ಅಂಥ ಮೇಜಿನಲ್ಲಿ ರಾಣಿ–ಗುಲಾಮದಂಥ ಚೆಂದದ ಎಲೆಗಳಿಗಿಂತ ಎಕ್ಕವಿರುವ ಒರಟು ಎಲೆಗಳನ್ನು ನೆಚ್ಚಿಕೊಳ್ಳಿ.

ಮಾಳಮಡ್ಡಿಯ ರಮ್ಮಿಗ:

ಮೊನ್ನೆ ಶನಿವಾರ ಎರಡನೆಯ ಆಟ ಮುಗಿಯಿತು, ಅದರ ವರದಿಯನ್ನು ಒಪ್ಪಿಸುವುದು ನನ್ನ ಕರ್ತವ್ಯ. ಹಣವನ್ನು ಕೈಬಿಟ್ಟೆವು. ಪೇಢಾದ ಡಬ್ಬಿಯನ್ನು ನಾನೇ ಧಾರವಾಡದಿಂದ ಒಯ್ದಿದ್ದೆ, ತಂಗಿ ನಿರಾಳವಾಗಿ ಚಹಾ ಮಾಡಿಕೊಟ್ಟಳು. ಸಂಜೆ ಏಳಕ್ಕೆ ಶುರುವಾಯಿತು. ಆರರ ಜೋಡಿ ಹಿಡಿದು ಫ್ಲಾಪ್ ನೋಡಿದಾಗ ಮೂರನೆಯ ಆರು ಬಿದ್ದಿತು. ಈ ಸಲ ಅಂಜದೆ ಬೆಟ್ ಮಾಡಿದೆ, ಇಬ್ಬರು ಕೊನೆಯವರೆಗೂ ಕಾಲ್ ಮಾಡಿದರು, 8,000ದ ಹತ್ತಿರ ಹೋದೆ. ಆಮೇಲಿನ ಹಂತದಲ್ಲಿ ಎರಡು ಜೋಡಿಯ ಮೇಲೆ ಹಾಗೆಯೇ ಧೈರ್ಯ ತೋರಿದಾಗ ಎದುರಿಗೆ ನಿಜವಾಗಿಯೂ ಸ್ಟ್ರೇಟ್ ಇತ್ತು, ಅರ್ಧಕ್ಕಿಂತ ಹೆಚ್ಚು ಅಲ್ಲಿ ಹೋಯಿತು. 150–300ರ ಹಂತದಲ್ಲಿ ನನ್ನ ಬಳಿ 2,400, ಅಂದರೆ ಎಂಟು ಬ್ಲೈಂಡ್. ಬಟನ್‌ನಲ್ಲಿದ್ದೆ, ನನಗಿಂತ ಮೊದಲ ಸರದಿಯವರೆಲ್ಲ ಬಿಟ್ಟಿದ್ದರು, ಕೈಯಲ್ಲಿ ರಾಜ–ಒಂಬತ್ತು ಇತ್ತು. ಕಾಯದೆ ತಳ್ಳಿದೆ. ದೊಡ್ಡ ಬ್ಲೈಂಡ್‌ನವರು ಎಂಟರ ಜೋಡಿ ತೋರಿಸಿದರು, ಮೇಜಿನ ಮೇಲೆ ನನ್ನದೇನೂ ಬೀಳಲಿಲ್ಲ. ಎಂಟೂವರೆಗೆ ಏಳನೆಯವನಾಗಿ ಹೊರಬಿದ್ದೆ, ಹೋದ ಸಲಕ್ಕಿಂತ ಎರಡು ಸ್ಥಾನ ಕೆಳಗೆ.

ಎದ್ದು ಹೋಗುವ ಬದಲು ಉಳಿದ ಆಟಕ್ಕೆಲ್ಲ ಎಲೆ ಹಂಚುವ ಕೆಲಸ ವಹಿಸಿಕೊಂಡೆ. ಮೂವತ್ತು ವರ್ಷ ಎಲೆ ಕಲೆಸಿದ ಕೈಯಲ್ಲವೇ, ಆಟ ಬೇಗ ಸಾಗಿ ಹತ್ತು ಗಂಟೆಗೆಲ್ಲ ಮುಗಿಯಿತು. ಮೂವರು ಆಲ್ ಇನ್ ಆದಾಗ ಚಿಪ್‌ಗಳನ್ನು ಎರಡು ರಾಶಿ ಮಾಡಿ ನಾನೇ ತೀರ್ಪು ಕೊಟ್ಟೆ, ಯಾರೂ ಬಾಯಿ ತೆಗೆಯಲಿಲ್ಲ. ಪೇಢಾದ ಡಬ್ಬಿ ಗೆದ್ದದ್ದು ರಾಜ–ಏಳಿನ ಹುಡುಗನೇ. ನಾಲ್ಕು ಪೇಢಾ ನನಗೆ ಕೊಟ್ಟು, ಬಸ್ ನಿಲ್ದಾಣದವರೆಗೆ ಗಾಡಿಯ ಮೇಲೆ ಬಿಟ್ಟು ಹೋದ.

ರಾಜ–ಒಂಬತ್ತನ್ನು ತಳ್ಳಿದ್ದು ಸರಿಯೋ ತಪ್ಪೋ ಎಂಬುದೊಂದನ್ನು ಮಾತ್ರ ಹೇಳಿಬಿಡಿ.

ಉಣಕಲ್ ಕೆರೆದಂಡೆ:

ಸರಿ. ಎಂಟು ಬ್ಲೈಂಡ್, ಬಟನ್, ನಿಮ್ಮ ನಂತರ ಇಬ್ಬರೇ ಬಾಕಿ: ಅದೇ ಎಲೆ ಮತ್ತೆ ಬಂದರೆ ಮತ್ತೆ ತಳ್ಳಿ. ಎಂಟರ ಜೋಡಿಯ ಎದುರೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಸಲ ನೀವೇ ಗೆಲ್ಲುತ್ತಿದ್ದಿರಿ.